ಮೀಟರ್ ಗುಂಡಿಯ ಜೇನು

ನಾಗರಬಾವಿಯಲ್ಲಿ ಹಿತ್ತಿಲು ಅಂದರೆ
ಎಂಟಡಿ ಅಗಲ, ಹನ್ನೊಂದಡಿ ಉದ್ದ,
ಒಗೆಯುವ ಕಲ್ಲು, ಸಂಪಿನ ಮುಚ್ಚಳ,
ಮಾಲೀಕರು ನೆಟ್ಟು ಮರೆತ ಒಂದು ನುಗ್ಗೆ.
ಅದರ ಬುಡಕ್ಕೆ ಇಟ್ಟೆ ಪೆಟ್ಟಿಗೆ,
ನಾಲ್ಕೂ ಕಾಲು ನೀರಿನ ಚಿಪ್ಪಿನಲ್ಲಿ.
ಇರುವೆ ಈಜಲಾರದು ಅಂದುಕೊಂಡಿದ್ದೆ.

ಕುಲ್ಲುವಿನ ಇರುವೆ ಇಷ್ಟು ಹಟಮಾರಿಯಲ್ಲ.
ಅಲ್ಲಿ ಹತ್ತೊಂಬತ್ತು ವರ್ಷ,
ಸರ್ಕಾರಿ ವಸತಿ ಶಾಲೆ, ಮೂರನೆಯ ಭಾಷೆ,
ಹ್ರಸ್ವ ದೀರ್ಘ ಒಂದೇ ಅನ್ನುವ ಮಕ್ಕಳಿಗೆ
ಕೆರೆ ಬೇರೆ ಕೇರೆ ಬೇರೆ ಅಂತ
ಬೋರ್ಡಿನ ಮೇಲೆ ನೀರನ್ನೂ ಹಾವನ್ನೂ ಬರೆದವಳು.
ಜೇನು ಕಲಿಸಿದ್ದು ಶಾಲೆಯ ಮಾಲಿ ದೇವೀರಾಮ.
ಅವನ ಮನೆಯ ಗೋಡೆಯೊಳಗೇ ಗೂಡು:
ಹೊರಗೆ ಬೆರಳು ತೂರುವಷ್ಟು ಕಿಂಡಿ,
ಒಳಗೆ ಒಲೆಯ ಪಕ್ಕ ಸೆಗಣಿ ಮೆತ್ತಿದ ಹಲಗೆ.
ಹಿಮದ ಮೂರು ತಿಂಗಳು ತೆರೆಯುವಂತಿಲ್ಲ,
ಕಿವಿಯಿಟ್ಟು ಕೇಳಬೇಕು ಅಷ್ಟೆ.
ಹೂಂ ಅಂದರೆ ಇದ್ದಾವೆ.

ಇಲ್ಲಿಗೆ ಬಂದ ವರ್ಷ ಡಿಸೆಂಬರಿಗೆ
ಕೈ ಸುಮ್ಮನಿರಲಿಲ್ಲ.
ಗೋಣಿ ಸುತ್ತಿದೆ ಎರಡು ಸುತ್ತು, ಬಾಗಿಲು ಕಿರಿದು ಮಾಡಿದೆ.
ಮಧ್ಯಾಹ್ನ ಇಪ್ಪತ್ತೆಂಟು ಡಿಗ್ರಿ. ಆದರೂ
ಎದುರುಮನೆಯ ಗಂಗಹನುಮಯ್ಯ ಬೆಳಿಗ್ಗೆ
ಮಂಕಿ ಕ್ಯಾಪ್ ಹಾಕಿ ಹಾಲಿಗೆ ಹೋಗುತ್ತಿದ್ದರು,
ನಾನು ಟೋಪಿಯನ್ನು ನಂಬಿದೆ.

ಮೇಣದ ಹುಳು ಒಳಗೆ ಬಲೆ ನೇಯ್ದಿತ್ತು.
ಮಾರ್ಚಿನ ಒಂದು ಮಂಗಳವಾರ ಮುಚ್ಚಳ ತೆಗೆದರೆ
ಖಾಲಿ.
ಸತ್ತದ್ದು ಒಂದೂ ಇಲ್ಲ. ಹೋಗಿದ್ದವು,
ಅಡ್ವಾನ್ಸೂ ಕೇಳದೆ ಮನೆ ಬಿಟ್ಟವರ ಹಾಗೆ.
ಪೆಟ್ಟಿಗೆಯ ಮೇಲೆ ಬಕೆಟ್ಟು ಬೋರಲು ಹಾಕಿದೆ.
ಆಮೇಲೆ ಸೋಪಿನ ಡಬ್ಬಿ. ಆಮೇಲೆ ಮಾಪು.

ಆಗಸ್ಟಿನಲ್ಲಿ ನೀರಿನ ಮೀಟರ್ ಓದುವ ಪಾರ್ವತಮ್ಮ ಬಂದು
ನಿಂತಲ್ಲೇ ಹೇಳಿದಳು:
ಟೀಚರ್, ಹನ್ನೆರಡನೇ ಕ್ರಾಸಲ್ಲಿ ಮೀಟರ್ ಗುಂಡಿ ತುಂಬ ಜೇನು,
ರೀಡಿಂಗ್ ತಗೊಳ್ಳೋಕಾಗ್ತಿಲ್ಲ,
ನಾಳೆ ಸೀಮೆಎಣ್ಣೆ ಸುರೀತಾರಂತೆ.

ಕತ್ತಲಾಗುತ್ತ ಹೋದೆ.
ಕಬ್ಬಿಣದ ಮುಚ್ಚಳಕ್ಕೆ ಅಂಟಿ ಏಳು ತಟ್ಟಿ,
ಕೆಳಗೆ ಕಾವೇರಿ ತಿರುಗಿಸುತ್ತಿದ್ದ ಸಣ್ಣ ಚಕ್ರ.
ಕೊಯ್ದು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ,
ರಾಣಿಯನ್ನು ಬೆಂಕಿಪೊಟ್ಟಣದಲ್ಲಿ ಹಿಡಿದು
ಆಟೋ ಹತ್ತಿದೆ.
ಮಡಿಲಲ್ಲಿ ಏನಮ್ಮ ಅಂದ ಡ್ರೈವರು.
ಹಾರ್ಮೋನಿಯಂ ಅಂದೆ.
ಸಿಗ್ನಲ್ ದಾಟುವವರೆಗೂ ಕೇಳಿಸಿಕೊಂಡು ಅಂದ:
ಒಂದೇ ಮನೇಲಿ ನಿಂತುಬಿಟ್ಟಿದೆಯಲ್ಲ.

ಇವು ಊರು ಬಲ್ಲವು.
ನಾನು ಬೆಣಚುಕಲ್ಲು ಹಾಕಿಟ್ಟ ತಟ್ಟೆಯ ನೀರು ಮುಟ್ಟಲಿಲ್ಲ,
ಮೇಲ್ಮನೆಯ ಏಸಿ ಪೈಪು ತೊಟ್ಟಿಕ್ಕುವಲ್ಲಿ ಸಾಲು.
ಸೊಳ್ಳೆ ಹೊಗೆಯ ಗಾಡಿ ಬರುವ ಸದ್ದಿಗೆ
ನಾನು ಓಡಿ ಬಾಗಿಲಿಗೆ ಬಟ್ಟೆ ತುರುಕುವುದನ್ನು ಕಲಿತೆ.
ನಸೀಮಾಳ ಮಗನ ಹುಬ್ಬಿಗೆ ಒಂದು ಚುಚ್ಚಿತು,
ಸುಣ್ಣ ಹಚ್ಚಿದೆ, ಎರಡು ದಿನ ಅವಳು ಮಾತಾಡಲಿಲ್ಲ.
ಮೂರನೆಯ ದಿನ ಅವನೇ ಬಂದ, ಒಂದು ಕಣ್ಣು ಮುಚ್ಚಿಕೊಂಡು,
ಆಂಟಿ, ಚುಚ್ಚಿದ್ದು ಯಾವುದು, ತೋರಿಸಿ.

ಏಪ್ರಿಲ್. ಮಧ್ಯಾಹ್ನ ಮೂರು.
ಅದೇ ಗೋಣಿ, ಈಗ ನೆನೆಸಿ ಮುಚ್ಚಳಕ್ಕೆ ಹೊದಿಸಿದ್ದೇನೆ.
ಹಳೆ ಚಟ, ಕಿವಿಯಿಟ್ಟೆ.
ಅಲ್ಲಿ ಒಂದಕ್ಕೊಂದು ಒತ್ತಿಕೊಂಡು ಮೈ ನಡುಗಿಸಿ
ಕಾವು ಕಾಯುತ್ತಿದ್ದವು.
ಇಲ್ಲಿ ಬಾಗಿಲಲ್ಲಿ ಸಾಲಾಗಿ ನಿಂತು
ರೆಕ್ಕೆ ಬೀಸಿ ಕಾವು ಹೊರಹಾಕುತ್ತಿವೆ.
ಸದ್ದು ಒಂದೇ ಅಂತ ಬರೆಯುವ ಆಸೆಯಿತ್ತು.
ಒಂದೇ ಅಲ್ಲ. ಇದು ತೆಳು, ಅವಸರದ್ದು,
ಅಡುಗೆಮನೆಯಲ್ಲಿ ಯಾರೋ ಮೊರ ಕೇರಿದ ಹಾಗೆ.

ದೇವೀರಾಮನಿಗೆ ಫೋನು ಮಾಡಿ
ಫೋನನ್ನೇ ಪೆಟ್ಟಿಗೆಗೆ ಹಿಡಿದೆ.
ಬಹಳ ಹೊತ್ತು ಕೇಳಿ, ಹಸಿವಿಲ್ಲ ಇವಕ್ಕೆ ಅಂದ.
ಏನು ಹೂವು ಅಲ್ಲಿ ಈಗ?
ತಲೆಯೆತ್ತಿದೆ. ಗಂಗಹನುಮಯ್ಯನ ಕಾರಿನ ಗಾಜಿನ ಮೇಲೆ
ಸೇರುಗಟ್ಟಲೆ ಉದುರಿತ್ತು,
ಅವರು ಬೈಯುತ್ತ ಪೊರಕೆ ತಂದಿದ್ದರು.
ಹೊಂಗೆ, ಅಂದೆ.

ಅವನ ಭಾಷೆಯಲ್ಲಿ ಅದು ದೀರ್ಘ,
ಅರ್ಥವೂ ಬೇರೆ: ಇರಬಹುದು, ಇದ್ದಾವು.
ಇದ್ದೇ ಇರ್ತಾವೆ ಟೀಚರ್‌ಜೀ, ಅಂದ ಅವನು,
ಯಾವ ಹೂವು ಅಂತ ಕೇಳಿದ್ದು.

ತಿದ್ದಲು ಹೋಗಲಿಲ್ಲ.
ಚಿಪ್ಪಿನ ನೀರು ಆರಿತ್ತು, ತುಂಬಬೇಕಿತ್ತು.